ಗದ್ದೆ ಮೇಲೆ ಮಲಗಿದ ಹೊಗೆ ಯಾರದ್ದು?

ಕಳೆದ ಸಂಚಿಕೆಯಲ್ಲಿ ಕೊಡಗಿನ ಮಂಜಿನ ಬಗ್ಗೆ ಅರ್ಧ ಪುಟ ಬರೆದಿದ್ದೆ. ಮಂಜು ಕಟ್ಟಬೇಕಾದರೂ ಗಾಳಿಯಲ್ಲಿ ಒಂದಿಷ್ಟು ಧೂಳು ಇರಲೇಬೇಕು, ಅದರಲ್ಲಿ ನಮ್ಮ ಒಲೆಯ ಹೊಗೆಗೂ ಪಾಲಿದೆ ಅಂತ ಕೊನೆಗೊಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಚೀಲದ ತುಂಬ ಪತ್ರ ಬಂದಿವೆ. ಕೆಲವರು ಬೈದಿದ್ದಾರೆ. ಒಬ್ಬರು ಬೇಲಿ ಜಗಳ ಬಿಡಿಸಿ ಅಂದಿದ್ದಾರೆ. ಇನ್ನೊಬ್ಬರು ಹೋಂಸ್ಟೇ ಬುಕಿಂಗ್ ಹಾಳಾಯಿತು ಅಂತ ಗೋಳಾಡಿದ್ದಾರೆ. ಹಾಗಾಗಿ ಈ ಸಲ ಬೇರೆ ವಿಷಯ ಇಲ್ಲ, ಪೂರ್ತಿ ಗಾಳಿಯದ್ದೇ. ಹೆಸರು ಹಾಕಬೇಡಿ ಅಂತ ಸುಮಾರು ಜನ ಕೇಳಿಕೊಂಡಿರುವುದರಿಂದ ಊರು ಮಾತ್ರ ಹಾಕಿದ್ದೇನೆ.

ಪ್ರ: ಸರ್, ಮಡಿಕೇರಿಯ ಗಾಳಿ ದೇಶಕ್ಕೇ ಚೊಕ್ಕ ಅಂತ ಆಗಾಗ ಪೇಪರಲ್ಲಿ ಬರುತ್ತದೆ. ಓದಿ ಖುಷಿಯಾಗುತ್ತದೆ. ಆದರೆ ಡಿಸೆಂಬರ್, ಜನವರಿ ಸಂಜೆ ನಮ್ಮ ಜಗಲಿಯಲ್ಲಿ ನಿಂತು ನೋಡಿದರೆ ಎದುರಿನ ಗದ್ದೆ ಮೇಲೆ ಹೊಗೆ ಚಾಪೆ ಹಾಸಿದ ಹಾಗೆ ಮಲಗಿರುತ್ತದೆ. ಮೇಲೂ ಹೋಗಲ್ಲ, ಆಚೆಗೂ ಹೋಗಲ್ಲ. ಪೇಪರ್ ಸುಳ್ಳಾ, ನನ್ನ ಕಣ್ಣು ಸುಳ್ಳಾ?
— ಪೊನ್ನಂಪೇಟೆ

ಉ: ಎರಡೂ ನಿಜ. ಪೇಪರಲ್ಲಿ ಬರುವ ಅಂಕಿ ಮಡಿಕೇರಿಯ ಸ್ಟೂವರ್ಟ್ ಹಿಲ್‌ನಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಯಂತ್ರದ್ದು. ಊರೇ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ, ಅದರಲ್ಲೂ ಗುಡ್ಡದ ಮೇಲೆ ಗಾಳಿ ಒಂದು ಕಡೆ ನಿಲ್ಲುವುದಿಲ್ಲ. ಯಂತ್ರ ತಾನು ನಿಂತ ಜಾಗದ ಗಾಳಿಯನ್ನು ಪ್ರಾಮಾಣಿಕವಾಗಿ ಅಳೆಯುತ್ತದೆ. ನಿಮ್ಮ ಗದ್ದೆಯದ್ದನ್ನಲ್ಲ. ನಿಮ್ಮ ಅಡುಗೆಮನೆಯದ್ದಂತೂ ಅಲ್ಲವೇ ಅಲ್ಲ.

ಹೊಗೆ ಮಲಗುವುದಕ್ಕೆ ಕಾರಣ ಸುಲಭ. ಹಗಲಲ್ಲಿ ನೆಲ ಕಾಯುತ್ತದೆ, ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಏಳುವಾಗ ಹೊಗೆಯನ್ನೂ ಎತ್ತಿಕೊಂಡು ಹೋಗುತ್ತದೆ. ಚಳಿಗಾಲದಲ್ಲಿ ಮೋಡ ಇರುವುದಿಲ್ಲ, ಬಿಸಿಯನ್ನು ತಡೆಯುವವರಿಲ್ಲ, ಹೊತ್ತು ಮುಳುಗಿದ ಕೂಡಲೇ ನೆಲ ಚಳಿ ಹಿಡಿಯುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ಬಾಣೆಯ ಇಳಿಜಾರಿನಲ್ಲಿ ನೀರಿನ ಹಾಗೆ ಜಾರಿಕೊಂಡು ಬಂದು ಗದ್ದೆಯಲ್ಲಿ ನಿಲ್ಲುತ್ತದೆ. ಕೆಳಗೆ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆಯದ್ದು. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಲೈನ್ ಮನೆಯ, ಅಂದರೆ ತೋಟದ ಕೆಲಸದವರ ಸಾಲುಮನೆಯ, ಒಲೆಯ ಹೊಗೆ ಅಷ್ಟೆತ್ತರ ಏರಿ, ಮುಚ್ಚಳಕ್ಕೆ ತಲೆ ತಾಗಿ, ಅಡ್ಡಕ್ಕೆ ಹರಡುತ್ತದೆ. ನಿಮಗೆ ಕಾಣುವ ಚಾಪೆ ಅದು. ಬೆಳಿಗ್ಗೆ ಬಿಸಿಲು ಬಲಿತ ಮೇಲೆ ಮುಚ್ಚಳ ತೆರೆಯುತ್ತದೆ.

ಇನ್ನೊಂದು ಮಾತು. ಗಾಳಿಯ ಗುಣಮಟ್ಟ 'ಉತ್ತಮ' ಅಂತ ಹಸಿರು ಬಣ್ಣದಲ್ಲಿ ತೋರಿಸುತ್ತಾರಲ್ಲ, ಅದು ಸಾಮಾನ್ಯವಾಗಿ 24 ಗಂಟೆಯ ಸರಾಸರಿ. ಸಂಜೆಯ ಎರಡು ಗಂಟೆ ಎಷ್ಟು ಕೆಟ್ಟಿತ್ತು ಅನ್ನುವುದು ಆ ಸರಾಸರಿಯೊಳಗೆ ಅಡಗಿಹೋಗುತ್ತದೆ. ಜೊತೆಗೆ ನಮ್ಮ ದೇಶದ ಲೆಕ್ಕದಲ್ಲಿ ಪಿಎಂ 2.5 ಎಂಬ ಸಣ್ಣ ಕಣ ಒಂದು ಘನಮೀಟರ್ ಗಾಳಿಯಲ್ಲಿ 30 ಮೈಕ್ರೋಗ್ರಾಮ್ ತನಕ ಇದ್ದರೂ 'ಉತ್ತಮ'. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಂದು ದಿನಕ್ಕೆ ಹಾಕಿದ ಗೆರೆ 15. ಹಸಿರು ಬಣ್ಣ ಕಂಡ ಕೂಡಲೇ ಬೀಗಬೇಡಿ ಅಂತ ಹೇಳುವುದು ಅದಕ್ಕೇ.

ಪ್ರ: ಏರೋಸಾಲ್ ಅಂದರೆ ಸೆಂಟು ಹೊಡೆಯುವ ಡಬ್ಬಿ ಅಲ್ವಾ ಸರ್? ನಮ್ಮ ಮಂಜನ್ನೂ ಏರೋಸಾಲ್ ಅಂದಿದ್ದೀರಿ. ಲೆಕ್ಚರರ್ ಕೇಳಿದರೆ ನಕ್ಕರು.
— ಪಿಯುಸಿ ವಿದ್ಯಾರ್ಥಿನಿ, ಗೋಣಿಕೊಪ್ಪ

ಉ: ನಗಲಿ ಬಿಡಿ. ಗಾಳಿಯಲ್ಲಿ ತೇಲುವ ಗಟ್ಟಿ ಕಣ ಅಥವಾ ದ್ರವದ ಹನಿ, ಎರಡಕ್ಕೂ ಅದೇ ಹೆಸರು. ಡಬ್ಬಿಯಿಂದ ಬರುವುದು ಅದರಲ್ಲೊಂದು ಬಗೆ ಅಷ್ಟೇ. ಒಲೆ ಹೊಗೆ, ರಸ್ತೆ ಧೂಳು, ಸಮುದ್ರದ ಉಪ್ಪು, ಹೂವಿನ ಪರಾಗ, ಅಣಬೆಯ ಬೀಜಕಣ, ಕಾರಿನ ಮಸಿ, ಮಂಜಿನ ಹನಿ, ಎಲ್ಲವೂ ಏರೋಸಾಲೇ. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರೋಮೀಟರ್). ಪಿಎಂ 10 ಅಂದರೆ 10 ಮೈಕ್ರೋಮೀಟರಿಗಿಂತ ಸಣ್ಣದು, ಅದರಲ್ಲಿ ದಪ್ಪನೆಯದು ಮೂಗು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪಿಎಂ 2.5 ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಹೊಗೆಯ ಕಣ ಹೆಚ್ಚಿನಂಶ 1 ಮೈಕ್ರೋಮೀಟರಿಗಿಂತಲೂ ಸಣ್ಣದು, ಕೆಮ್ಮಿದರೆ ಹೊರಗೆ ಬರುವ ಜಾತಿಯದ್ದಲ್ಲ.

ಮಂಜಿನ ಕಥೆ ಸ್ಕಾಟ್ಲೆಂಡಿನ ಜಾನ್ ಏಟ್ಕಿನ್ ಎಂಬವರದ್ದು. 1880ರ ಸುಮಾರಿಗೆ ಅವರು ಎರಡು ಗಾಜಿನ ಪಾತ್ರೆ ಇಟ್ಟುಕೊಂಡು, ಒಂದಕ್ಕೆ ಮಾಮೂಲಿ ಗಾಳಿ, ಇನ್ನೊಂದಕ್ಕೆ ಹತ್ತಿಯಲ್ಲಿ ಸೋಸಿದ ಗಾಳಿ ತುಂಬಿ, ಎರಡಕ್ಕೂ ಹಬೆ ಬಿಟ್ಟರು. ಮಾಮೂಲಿ ಗಾಳಿಯದ್ದರಲ್ಲಿ ಬೆಳ್ಳಗೆ ಮಂಜು ಕಟ್ಟಿತು. ಸೋಸಿದ್ದರಲ್ಲಿ ಏನೂ ಇಲ್ಲ. ಹಬೆಗೆ ಕೂರಲು ಒಂದು ಮಣೆ ಬೇಕು, ಕಣವೇ ಆ ಮಣೆ. ಮಡಿಕೇರಿಯ ರಾಜಾಸೀಟಿನಲ್ಲಿ ನಿಂತು ನೀವು ಮೊಬೈಲಿನಲ್ಲಿ ಸೆರೆ ಹಿಡಿಯುವ ಮಂಜಿನ ಪ್ರತಿ ಹನಿಯ ಹೊಟ್ಟೆಯಲ್ಲೂ ಒಂದು ಕಣ ಕುಳಿತಿದೆ. ಇದನ್ನು ಲೆಕ್ಚರರಿಗೆ ಹೇಳಿ, ಆದರೆ ಮೆಲ್ಲಗೆ. ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲಿದೆ.

ಪ್ರ: ನನಗೂ ಪಕ್ಕದ ತೋಟದವರಿಗೂ ಇದೇ ಜಗಳ. ಮರ ಕಪಾತಾದ (ಕೊಂಬೆ ಸವರಿದ) ಮೇಲೆ ನಾನು ಅಂಗಳದ ಬದಿಯ ಎಲೆ, ಕಡ್ಡಿ ಒಟ್ಟು ಮಾಡಿ ಬೆಂಕಿ ಹಾಕುತ್ತೇನೆ. ಊರಿನ ಗಾಳಿ ಕೆಟ್ಟದ್ದು ನಿಮ್ಮಿಂದಲೇ ಅಂತಾರೆ ಅವರು. ಶನಿವಾರ, ಭಾನುವಾರ ಬರುವ ಟೂರಿಸ್ಟ್ ಕಾರುಗಳಿಂದ ಅಂತ ನಾನು. ದೊಡ್ಡ ಊರುಗಳಲ್ಲಿ ವಿಜ್ಞಾನಿಗಳು ವಾಹನದ್ದು ಇಷ್ಟು ಪರ್ಸೆಂಟ್, ಕಸದ್ದು ಇಷ್ಟು ಪರ್ಸೆಂಟ್ ಅಂತ ಹೇಳುತ್ತಾರಲ್ಲ, ಹೇಗೆ? ಹೊಗೆ ಮೇಲೆ ಹೆಸರು ಬರೆದಿರುತ್ತದಾ?
— ಸಿದ್ದಾಪುರ

ಉ: ಬರೆದಿರುತ್ತದೆ! ಓದಲು ಸ್ವಲ್ಪ ಕಷ್ಟ, ಅಷ್ಟೇ.

ಮೊದಲು ಗಾಳಿ ಹಿಡಿಯಬೇಕು. ಒಂದು ಪಂಪು ಗಾಳಿ ಎಳೆಯುತ್ತದೆ, ದಾರಿಯಲ್ಲಿ ಹಪ್ಪಳಕ್ಕಿಂತ ತೆಳ್ಳಗಿನ ಬಿಳಿ ಫಿಲ್ಟರ್ ಬಿಲ್ಲೆ ಇರುತ್ತದೆ. 24 ಗಂಟೆ ಓಡಿಸಿದರೆ ಬಿಲ್ಲೆ ಬೂದು ಬಣ್ಣಕ್ಕೆ ತಿರುಗುತ್ತದೆ, ಊರು ಕೆಟ್ಟದಾಗಿದ್ದರೆ ಕಪ್ಪೇ ಆಗುತ್ತದೆ. ಮೊದಲು ತೂಗಿ, ಆಮೇಲೆ ತೂಗಿ, ಎಷ್ಟು ಮೈಕ್ರೋಗ್ರಾಮ್ ಕೂತಿದೆ ಅಂತ ನೋಡುತ್ತಾರೆ. ತೂಕ ಸಿಕ್ಕಿದರೆ ಕಳ್ಳತನ ಆಗಿದೆ ಅಂತ ಗೊತ್ತಾಯಿತು, ಕಳ್ಳ ಸಿಗಲಿಲ್ಲ. ಬೆರಳಚ್ಚು ಹುಡುಕುವ ಕೆಲಸ ಆಮೇಲೆ.

ಬಿಲ್ಲೆಯಲ್ಲಿ ಸಿಲಿಕಾನ್, ಅಲ್ಯೂಮಿನಿಯಂ, ಕಬ್ಬಿಣ ಜಾಸ್ತಿ ಇದ್ದರೆ ಅದು ಮಣ್ಣಿನ ಧೂಳು. ಸೋಡಿಯಂ, ಕ್ಲೋರಿನ್ ಇದ್ದರೆ ಸಮುದ್ರದ ಉಪ್ಪು, ಮಳೆಗಾಲದ ಗಾಳಿ ಅರಬ್ಬಿ ಸಮುದ್ರದಿಂದ ಹೊತ್ತು ತಂದದ್ದು. ತಾಮ್ರ, ಆಂಟಿಮನಿ ಸಿಕ್ಕಿದರೆ ಗಾಡಿಯ ಬ್ರೇಕ್ ಸವೆದದ್ದು, ಸತು ಜಾಸ್ತಿ ಇದ್ದರೆ ಟೈರಿನ ಮೇಲೂ ಅನುಮಾನ. ಕಟ್ಟಿಗೆ, ಎಲೆ, ಹುಲ್ಲು ಸುಟ್ಟರೆ ಪೊಟ್ಯಾಸಿಯಂ ಬರುತ್ತದೆ. ಒಲೆಯ ಬೂದಿಯನ್ನು ಗಿಡದ ಬುಡಕ್ಕೆ ಹಾಕುತ್ತೀರಲ್ಲ, ಅದರೊಳಗಿನ ಪೊಟ್ಯಾಷ್ ಇದೇ. ಅದಕ್ಕಿಂತ ಗಟ್ಟಿ ಸಾಕ್ಷಿ ಲೆವೋಗ್ಲುಕೋಸಾನ್ ಎಂಬ ಸಕ್ಕರೆ ಜಾತಿಯ ಪದಾರ್ಥ. ಗಿಡಮರದ ನಾರು ಬೆಂದಾಗ ಅದು ಹುಟ್ಟುತ್ತದೆ. ಡೀಸೆಲ್ ಸುಟ್ಟರೆ ಹುಟ್ಟುವುದೇ ಇಲ್ಲ. ಡೀಸೆಲ್, ಎಂಜಿನ್ ಆಯಿಲ್ ಕಡೆಯಿಂದ ಹೋಪೇನ್ ಎಂಬ ಬೇರೆ ಗುರುತು ಬರುತ್ತದೆ.

ಒಂದು ಬಿಲ್ಲೆ ಸಾಲದು, ನೂರಾರು ಬೇಕು. ಯಾವ ದಿನ ಯಾವುದು ಏರಿತು, ಯಾವುದರ ಜೊತೆ ಯಾವುದು ಏರಿತು ಅಂತ ಕಂಪ್ಯೂಟರಿನಲ್ಲಿ ಕೂರಿಸಿ ಲೆಕ್ಕ ಹಾಕುತ್ತಾರೆ. ಹೇಗೆ ಅಂದರೆ, ನೀವು ಊರಿಗೆ ಹೋಗಿ ತಿಂಗಳು ಬಿಟ್ಟು ಬಂದಿರಿ ಅಂತಿಟ್ಟುಕೊಳ್ಳಿ. ದಿನಕ್ಕೊಂದು ಸಾಲಿನಂತೆ ಅಡುಗೆಮನೆ ಡಬ್ಬಿಗಳ ಲೆಕ್ಕ ಬರೆದಿಟ್ಟಿದ್ದಾರೆ. ಬೇಳೆ, ಹುಣಸೆ, ಸಾರಿನ ಪುಡಿ ಮೂರೂ ಒಟ್ಟಿಗೆ ಇಳಿದ ದಿನ ಸಾರು ಮಾಡಿದ್ದಾರೆ. ಅಕ್ಕಿಹಿಟ್ಟು ಮಾತ್ರ ಇಳಿದ ದಿನ ರೊಟ್ಟಿ. ಅಡುಗೆ ಕಣ್ಣಲ್ಲಿ ನೋಡದೆಯೇ ಯಾವುದು ಎಷ್ಟು ಸಲ ಆಯಿತು ಅಂತ ಹೇಳಬಹುದು, ಅಲ್ವಾ? ಗಾಳಿಯ ಲೆಕ್ಕವೂ ಹಾಗೇ.

ನನಗೆ ತುಂಬ ಇಷ್ಟವಾದ ಪತ್ತೆದಾರಿಕೆ ಇನ್ನೊಂದಿದೆ. ಬದುಕಿರುವ ಮರದಲ್ಲಿ ಕಾರ್ಬನ್-14 ಅನ್ನುವ ವಿಕಿರಣ ಇಂಗಾಲ ಚೂರು ಇರುತ್ತದೆ. ಮರ ಸತ್ತ ಮೇಲೆ ಅದು 5,730 ವರ್ಷಕ್ಕೆ ಅರ್ಧದಂತೆ ಕರಗುತ್ತದೆ. ಪೆಟ್ರೋಲ್, ಡೀಸೆಲ್, ಕಲ್ಲಿದ್ದಲು ಕೋಟ್ಯಂತರ ವರ್ಷ ನೆಲದಡಿ ಇದ್ದವು, ಅವುಗಳಲ್ಲಿ ಅದು ಲವಲೇಶವೂ ಉಳಿದಿಲ್ಲ. ಅಂದಮೇಲೆ ಮಸಿಯ ಚೂರಿನಲ್ಲಿ ಕಾರ್ಬನ್-14 ಎಷ್ಟಿದೆ ನೋಡಿದರೆ ಸಾಕು, ಇದು ನಿನ್ನೆ ಮೊನ್ನೆಯ ಕಟ್ಟಿಗೆಯದ್ದೋ, ಬಂಕಿನಿಂದ ಬಂದದ್ದೋ ಗೊತ್ತಾಗುತ್ತದೆ. ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಓರ್ಯಾನ್ ಗುಸ್ತಾಫ್ಸನ್ ಮತ್ತು ಜೊತೆಗಾರರು ಮಾಲ್ಡೀವ್ಸಿನಲ್ಲೂ ಪುಣೆ ಹತ್ತಿರದ ಸಿಂಹಗಡದಲ್ಲೂ ಬಿಲ್ಲೆ ಇಟ್ಟು ಹಿಡಿದ ಮಸಿಯನ್ನು ಹೀಗೆ ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದರು. ಸಿಂಹಗಡ ಅಂದರೆ ನಮ್ಮದೇ ಪಶ್ಚಿಮಘಟ್ಟದ ಸಾಲು, ನೆನಪಿಡಿ. ಅಳೆಯುವ ವಿಧಾನ ಯಾವುದು ಅನ್ನುವುದರ ಮೇಲೆ, ಆ ಮಸಿಯ ಸುಮಾರು ಅರ್ಧದಿಂದ ಮೂರರಲ್ಲಿ ಎರಡು ಪಾಲಿನ ತನಕ ಕಟ್ಟಿಗೆ, ಸಗಣಿ, ಹುಲ್ಲು, ಎಲೆ ಸುಟ್ಟದ್ದು. ಪೆಟ್ರೋಲ್, ಡೀಸೆಲ್, ಕಲ್ಲಿದ್ದಲು ಎಲ್ಲ ಸೇರಿ ಉಳಿದದ್ದು.

ಇಲ್ಲಿಗೆ ಪಕ್ಕದವರು ಗೆದ್ದರು ಅಂದುಕೊಳ್ಳಬೇಡಿ. ಅದು ಮಸಿಯ ಲೆಕ್ಕ, ಇಡೀ ಗಾಳಿಯದ್ದಲ್ಲ, ಸಿದ್ದಾಪುರದ್ದೂ ಅಲ್ಲ. ಮತ್ತೆ ಕೆಲವು ಕಣಗಳು ಬೆರಳಚ್ಚು ಅಳಿಸಿಕೊಂಡೇ ಓಡಾಡುತ್ತವೆ. ಚಿಮಣಿಯಿಂದ ಅನಿಲವಾಗಿ ಹೊರಟ ಗಂಧಕ, ಎಂಜಿನ್‌ನಿಂದ ಹೊರಟ ಸಾರಜನಕದ ಆಕ್ಸೈಡ್, ಗೊಬ್ಬರ ಹಾಕಿದ ಹೊಲದಿಂದ ಎದ್ದ ಅಮೋನಿಯಾ, ಇವು ದಾರಿಯಲ್ಲಿ ಒಂದಕ್ಕೊಂದು ಸೇರಿ ಕಣವಾಗುತ್ತವೆ. ಅಂಥ ಕಣದ ಅಪ್ಪ ಯಾರು ಅಂತ ಹೇಳುವುದು ದೊಡ್ಡ ತಲೆನೋವು.

ನಿಮ್ಮ ಎಲೆಯೂ ಅವರ ಎಲೆಯೂ ಒಂದೇ ಬೆರಳಚ್ಚು ಬಿಡುತ್ತವೆ, ಅದನ್ನು ಯಾವ ಪ್ರಯೋಗಾಲಯವೂ ಬೇರೆ ಮಾಡಿ ಕೊಡುವುದಿಲ್ಲ. ಆದರೂ ಕೇಳುತ್ತೇನೆ, ತೋಟದೊಳಗೆ ಬಿದ್ದ ತರಗೆಲೆಗೆ ನೀವು ಬೆಂಕಿ ಹಾಕುತ್ತೀರಾ? ಇಲ್ಲ. ಅದು ಗೊಬ್ಬರ, ಬೇಸಿಗೆಯಲ್ಲಿ ಗಿಡದ ಬುಡಕ್ಕೆ ತಂಪು. ಅದೇ ಎಲೆ ಅಂಗಳಕ್ಕೆ ಬಂದ ಕೂಡಲೇ ಕಸ ಆಯಿತು, ಯಾಕೆ? ನನ್ನ ಅನುಮಾನ, ಎಲೆಯ ನೆಪದಲ್ಲಿ ಪ್ಲಾಸ್ಟಿಕ್ ಕವರು, ಹಳೇ ಚೀಲ ಎಲ್ಲ ಒಟ್ಟಿಗೆ ಹೋಗುತ್ತದೆ. ಬೆಂಕಿ ಹಾಕುವ ಹೊತ್ತೂ ಸಂಜೆಯದ್ದೇ, ಪೊನ್ನಂಪೇಟೆಯವರ ಪತ್ರದ ಮುಚ್ಚಳ ಬೀಳುವ ಹೊತ್ತು. ತರಗೆಲೆ ಕಾಫಿ ಬುಡಕ್ಕೆ ಹಾಕಿ. ಆಮೇಲೆ ಟೂರಿಸ್ಟ್ ಕಾರಿನ ಬಗ್ಗೆ ನೀವು ಎಷ್ಟು ಬೇಕಾದರೂ ಜೋರಾಗಿ ಮಾತಾಡಬಹುದು.

ಪ್ರ: ಮನೆಯಲ್ಲಿ ಗ್ಯಾಸ್ ಇದೆ. ಚಹಾ ಕಾಯಿಸಲು ಮಾತ್ರ. ಅನ್ನ, ಸಾರು, ಹಂಡೆ ನೀರು ಎಲ್ಲ ಸೌದೆಯಲ್ಲೇ. ಅತ್ತೆ ಒಪ್ಪಲ್ಲ. ಸೌದೆ ಅಡುಗೆಯ ರುಚಿ ಗ್ಯಾಸಲ್ಲಿ ಬರಲ್ಲ, ಹೊಗೆ ಇದ್ದರೆ ಅಟ್ಟಕ್ಕೆ ಹುಳ ಹಿಡಿಯಲ್ಲ, ನಾವು ಇಷ್ಟು ವರ್ಷ ಬದುಕಲಿಲ್ವಾ ಅಂತಾರೆ. ನನಗೆ ಕಣ್ಣುರಿ, ಕೆಮ್ಮು. ಅವರಿಗೆ ಹೇಗೆ ಹೇಳಲಿ ಅಣ್ಣ?
— ಸೋಮವಾರಪೇಟೆ

ಉ: ತಂಗೀ, ಅತ್ತೆಯವರ ಮಾತಲ್ಲಿ ಎರಡು ನಿಜ. ರುಚಿಯ ವಿಷಯದಲ್ಲಿ ನಾನು ಅವರ ಕಡೆ. ಅಟ್ಟದ ಹುಳದ ಮಾತೂ ಸರಿ, ಹೊಗೆ ಹುಳವನ್ನು ಓಡಿಸುತ್ತದೆ. ಹುಳವನ್ನು ಓಡಿಸುವ ಹೊಗೆ ಒಲೆ ಮುಂದೆ ಕೂತವರ ಎದೆಗೆ ಏನು ಮಾಡುತ್ತದೆ ಅಂತ ಮಾತ್ರ ಅವರು ಯೋಚಿಸಿಲ್ಲ.

ಗಾಳಿ ಮಾಲಿನ್ಯ ಅಂದರೆ ಫ್ಯಾಕ್ಟರಿ ಚಿಮಣಿ ಅಂತಲೇ ಎಲ್ಲರೂ ಅಂದುಕೊಂಡಿದ್ದ ಕಾಲದಲ್ಲಿ, 1980ರ ದಶಕದ ಆರಂಭದಲ್ಲಿ, ಕಿರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ ಭಾರತದ ಜೊತೆಗಾರರೊಂದಿಗೆ ಗುಜರಾತಿನ ಹಳ್ಳಿ ಅಡುಗೆಮನೆಗಳಿಗೆ ಹೋದರು. ಅಡುಗೆ ಮಾಡುವ ಹೆಂಗಸರ ಮೈಗೇ ಪುಟ್ಟ ಪಂಪು ಕಟ್ಟಿ ಅವರು ಉಸಿರಾಡುವ ಗಾಳಿಯನ್ನು ಅಳೆದರು. ದೊಡ್ಡ ನಗರಗಳ ಬೀದಿಯಲ್ಲೂ ಕಾಣದಷ್ಟು ಕಣ ಅಲ್ಲಿತ್ತು. ಆಮೇಲೆ ಅವರು 2020ರಲ್ಲಿ ತೀರಿಕೊಳ್ಳುವ ತನಕ ಇದೇ ಒಲೆ ಹೊಗೆಯ ಹಿಂದೆ ಬಿದ್ದರು. ಐಐಟಿ ಬಾಂಬೆಯ ಚಂದ್ರಾ ವೆಂಕಟರಾಮನ್ ಅವರ ತಂಡ ಬೇರೆ ಬೇರೆ ಕಟ್ಟಿಗೆಯನ್ನು ಪ್ರಯೋಗಾಲಯದ ಒಲೆಯಲ್ಲಿ ಸುಟ್ಟು, ಎಷ್ಟು ಮಸಿ ಬರುತ್ತದೆ ಅಂತ ಅಳೆದು, 2005ರಲ್ಲಿ ದೇಶದ ಲೆಕ್ಕ ಹಾಕಿದಾಗ ಭಾರತದ ಮಸಿಗೆ ಅಡುಗೆ ಒಲೆಯೇ ಎಲ್ಲಕ್ಕಿಂತ ದೊಡ್ಡ ಮೂಲ ಅಂತ ಕಂಡಿತು. ಅಂದರೆ ಒಲೆಯ ಹೊಗೆ ಮನೆಯೊಳಗೇ ಉಳಿಯುವುದಿಲ್ಲ. ಹೆಂಚಿನ ಸಂದಿಯಿಂದ ಹೊರಬಂದು ಊರಿನ ಗಾಳಿಯಾಗುತ್ತದೆ. 2019ರಲ್ಲಿ ನಮ್ಮ ದೇಶದಲ್ಲಿ ಮನೆಯೊಳಗಿನ ಹೊಗೆಯಿಂದ ಸುಮಾರು 6 ಲಕ್ಷ ಸಾವು ಅಂತ ದೇಶದ ದೊಡ್ಡ ಆರೋಗ್ಯ ಅಂದಾಜು ಹೇಳುತ್ತದೆ.

ಈ ಅಂಕಿಯನ್ನು ಅತ್ತೆಗೆ ಹೇಳಬೇಡಿ, ಕೆಲಸಕ್ಕೆ ಬರಲ್ಲ. ನಮ್ಮಮ್ಮನಿಗೆ ಹೇಳಿ ನೋಡಿದ್ದೇನೆ, "ಲಕ್ಷ ಜನ ಸತ್ತರೆ ಯಾರಾದರೂ ಬಂದು ಹೇಳುತ್ತಿದ್ದರು" ಅಂದರು. ರೊಟ್ಟಿ, ಪಂದಿ ಕರಿ ಸೌದೆಯಲ್ಲೇ ಇರಲಿ ಅನ್ನಿ, ಜಗಳ ಮುಗಿಯಿತು. ದಿನದ ಅನ್ನ, ಸಾರು ಗ್ಯಾಸಿಗೆ ಬರಲಿ. ಹಂಡೆ ಒಲೆಯನ್ನು ಬಚ್ಚಲಿನ ಹೊರಗೆ ಸಾಗಿಸಿ. ಒಳಗಿನ ಒಲೆಗೆ ಮಾಡು ದಾಟುವ ಹೊಗೆ ಕೊಳವೆ ಹಾಕಿಸಿ. ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಸ್ತ್ರ ಒಲೆ ಅಂತ ಒಂದಿತ್ತು, ಮೂರು ಪಾತ್ರೆ ಇಡುವಂಥದ್ದು, ಕೊಳವೆ ಇದ್ದದ್ದು, ಸೌದೆಯೂ ಕಡಿಮೆ ಸಾಕಾಗುತ್ತಿತ್ತು. ಹಳೇ ಗಾರೆ ಕೆಲಸದವರಲ್ಲಿ ಕೆಲವರಿಗೆ ಅದರ ಅಳತೆ ಇನ್ನೂ ನೆನಪಿರಬಹುದು, ಕೇಳಿ ನೋಡಿ. ಇನ್ನು ಸೌದೆ ಒಣಗಿರಲಿ. ಮಳೆಗಾಲದಲ್ಲಿ ಹಸಿ ಸೌದೆ ಊದಿ ಊದಿ ಹಚ್ಚುತ್ತೀರಲ್ಲ, ಅರ್ಧ ಹೊಗೆ ಅಲ್ಲೇ ಹುಟ್ಟುವುದು. ಕೆಮ್ಮು ಮೂರು ವಾರ ದಾಟಿದ್ದರೆ ಈ ಅಂಕಣಕ್ಕೆ ಬರೆಯುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಪ್ರ: ಸೊಳ್ಳೆ ಬತ್ತಿಯ ಹೊಗೆಯೂ ಕೆಟ್ಟದ್ದಾ?
— ಕುಶಾಲನಗರ

ಉ: ಹೌದು, ಅದೂ ಬಾಗಿಲು ಹಾಕಿಕೊಂಡು ಹಚ್ಚಿದರೆ. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಪಿಎಂ 2.5 ಬಿಡುತ್ತದೆ ಅಂತ 2003ರ ಒಂದು ಅಧ್ಯಯನ ಹೇಳಿತು. ಸೊಳ್ಳೆ ಪರದೆ ಕಟ್ಟಿ. ಅಗ್ಗ.

ಪ್ರ: ನಮ್ಮದೊಂದು ಸಣ್ಣ ಹೋಂಸ್ಟೇ. ಬೆಂಗಳೂರಿನಿಂದ ಬಂದ ಒಬ್ಬರು ಅಂಗೈ ಅಗಲದ ಗಾಳಿ ಅಳೆಯುವ ಮೆಷಿನ್ ತಂದಿದ್ದರು. ಬೆಳಿಗ್ಗೆ ವರಾಂಡದಲ್ಲಿಟ್ಟರೆ 300 ದಾಟಿತು! ಮಂಜು ತುಂಬಿತ್ತು, ಒಲೆ ಕೂಡ ಹಚ್ಚಿರಲಿಲ್ಲ. ಅವರು ಫೋಟೋ ತೆಗೆದು ರಿವ್ಯೂನಲ್ಲಿ ಹಾಕಿದರು. ಇಬ್ಬರು ಬುಕಿಂಗ್ ಕ್ಯಾನ್ಸಲ್ ಮಾಡಿದರು. ಏನು ಹೇಳಲಿ?
— ಮಡಿಕೇರಿ ಹತ್ತಿರದ ಹಳ್ಳಿ

ಉ: ನಿಮ್ಮ ಗಾಳಿಯದ್ದು ತಪ್ಪಿಲ್ಲ, ಮೆಷಿನ್ನೂ ಕೆಟ್ಟಿಲ್ಲ, ಅದಕ್ಕೆ ಮಂಜು ಗೊತ್ತಿಲ್ಲ. ಆ ಪುಟ್ಟ ಡಬ್ಬಿಯೊಳಗೆ ಒಂದು ಲೇಸರ್ ಬೆಳಕು, ಒಂದು ಫ್ಯಾನು. ಗಾಳಿ ಹಾದುಹೋಗುವಾಗ ಕಣಕ್ಕೆ ಬಡಿದು ಚದುರಿದ ಬೆಳಕನ್ನು ನೋಡಿ ಎಷ್ಟು ಕಣ, ಯಾವ ಗಾತ್ರ ಅಂತ ಊಹೆ ಮಾಡುತ್ತದೆ. ಅದು ಏನನ್ನೂ ತೂಗುವುದಿಲ್ಲ. ಮಂಜಿನ ಹನಿಗೆ ಬಡಿದರೂ ಬೆಳಕು ಚದುರುತ್ತದೆ. ನೀರಿನ ಹನಿಯನ್ನೂ ಅದು ಧೂಳು ಅಂತಲೇ ಎಣಿಸುತ್ತದೆ. ಮಂಜು ಕಟ್ಟದಿದ್ದರೂ ತೇವ ಜಾಸ್ತಿ ಇದ್ದ ದಿನ ಕಣಗಳು ನೀರು ಕುಡಿದು ಊದಿಕೊಳ್ಳುತ್ತವೆ, ಮಳೆಗಾಲದಲ್ಲಿ ಡಬ್ಬದ ಉಪ್ಪು ಆಗುವ ಹಾಗೆ. ಆಗಲೂ ಅಂಕಿ ಏರುತ್ತದೆ. ಸರ್ಕಾರಿ ಕೇಂದ್ರಗಳ ದೊಡ್ಡ ಯಂತ್ರ ಗಾಳಿಯನ್ನು ಸ್ವಲ್ಪ ಬಿಸಿ ಮಾಡಿ ಒಣಗಿಸಿಕೊಂಡು ಆಮೇಲೆ ಅಳೆಯುತ್ತದೆ, ಅದಕ್ಕೆ ಆ ವ್ಯತ್ಯಾಸ.

ಹಾಗಂತ ಈ ಪುಟ್ಟ ಮೆಷಿನ್‌ಗಳು ದಂಡ ಅಲ್ಲ. ಐಐಟಿ ಕಾನ್ಪುರದ ಸಚ್ಚಿದಾನಂದ ತ್ರಿಪಾಠಿ ಅವರು ಇಂಥ ಕಡಿಮೆ ಬೆಲೆಯ ಸೆನ್ಸರ್‌ಗಳ ಜಾಲ ಹಾಕಿ, ದೊಡ್ಡ ಯಂತ್ರದ ಪಕ್ಕದಲ್ಲಿಟ್ಟು ಎಷ್ಟು ತಪ್ಪುತ್ತವೆ ಅಂತ ಲೆಕ್ಕ ಹಾಕಿ, ತಿದ್ದಿ ಬಳಸುವ ಕೆಲಸ ಮಾಡಿದವರು. 2023ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಬಂತು ಅವರಿಗೆ. ತಿದ್ದದೆ ಬಳಸಿದರೆ ನಿಮ್ಮ ಅತಿಥಿಯ ಕಥೆ. ರಿವ್ಯೂ ಕೆಳಗೆ ಒಂದೇ ಸಾಲು ಬರೆಯಿರಿ: "ಬಿಸಿಲು ಬಂದ ಮೇಲೆ ಇನ್ನೊಮ್ಮೆ ಅಳೆಯಿರಿ, ಕಾಫಿ ನಮ್ಮದು." ನಿಮ್ಮ ಕ್ಯಾಂಪ್‌ಫೈರ್ ಪಕ್ಕ ಮಾತ್ರ ಇಡಲು ಬಿಡಬೇಡಿ. ಅಲ್ಲಿ ಬರುವ ಅಂಕಿ ಸುಳ್ಳಾಗಿರುವುದಿಲ್ಲ.

ಪ್ರ: ಕಾಫಿ ಹೂ ಅರಳಿಸುವ ಹೂ ಮಳೆ ಒಂದು ವಾರ ಆಚೆ ಈಚೆ ಆದರೆ ವರ್ಷದ ಫಸಲು ಹೋಯಿತು. ಈ ಹೊಗೆ, ಮಸಿಗೂ ಮಳೆಗೂ ಸಂಬಂಧ ಇದೆಯಾ, ಅಥವಾ ಎಲ್ಲದಕ್ಕೂ ಹವಾಮಾನ ಬದಲಾವಣೆ ಅನ್ನುವುದು ಒಂದು ಫ್ಯಾಷನ್ನಾ?
— ಸುಂಟಿಕೊಪ್ಪ

ಉ: ಸಂಬಂಧ ಇದೆ, ಆದರೆ ಈ ವರ್ಷ ನಿಮ್ಮ ತೋಟಕ್ಕೆ ಮಳೆ ತಪ್ಪಿದ್ದು ಇಂಥ ಹೊಗೆಯಿಂದ ಅಂತ ಯಾರಾದರೂ ಖಡಾಖಂಡಿತ ಹೇಳಿದರೆ ನಂಬಬೇಡಿ.

ಒಂದು ಸೇರು ಅಕ್ಕಿ ಬೇಯಿಸಿ ಐದು ಜನಕ್ಕೆ ಬಡಿಸಿದರೆ ಹೊಟ್ಟೆ ತುಂಬುತ್ತದೆ. ಅದನ್ನೇ ಐವತ್ತು ಜನಕ್ಕೆ ಹಂಚಿದರೆ ಒಬ್ಬೊಬ್ಬರಿಗೆ ಒಂದೊಂದು ತುತ್ತು. ಮೋಡದಲ್ಲಿರುವ ನೀರು ಆ ಅಕ್ಕಿ, ಕಣಗಳು ಉಣ್ಣಲು ಕೂತವರು. ಕಣ ಜಾಸ್ತಿಯಾದರೆ ಹನಿಗಳು ಜಾಸ್ತಿ, ಆದರೆ ಎಲ್ಲವೂ ಸಣ್ಣವು. ಸಣ್ಣ ಹನಿಗಳು ಒಂದಕ್ಕೊಂದು ಸೇರಿ ದಪ್ಪವಾಗುವುದು ತಡ, ದಪ್ಪವಾಗದೆ ಕೆಳಗೆ ಬೀಳುವುದಿಲ್ಲ. ಮೋಡ ಬೆಳ್ಳಗೆ ಹೊಳೆಯುತ್ತದೆ, ಮಳೆ ಬರುವುದಿಲ್ಲ. ದೊಡ್ಡ ಗುಡುಗಿನ ಮೋಡದಲ್ಲಿ ಇದೇ ತಡ ತಿರುಗಿ ಜೋರು ಮಳೆಯಾಗುವುದೂ ಉಂಟು. ಹಾಗಾಗಿ ಲೆಕ್ಕ ಸಲೀಸಲ್ಲ.

ಇನ್ನು ಬಣ್ಣದ ವಿಷಯ. ಗಂಧಕದಿಂದಾದ ಬಿಳಿ ಕಣ ಬಿಸಿಲನ್ನು ವಾಪಸ್ ಕಳಿಸುತ್ತದೆ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಟೂಬೊ ಜ್ವಾಲಾಮುಖಿ ಸಿಡಿದಾಗ ಭೂಮಿ ಒಂದೆರಡು ವರ್ಷ ಸುಮಾರು ಅರ್ಧ ಡಿಗ್ರಿ ತಣ್ಣಗಾಗಿತ್ತು. ಮಸಿ ತದ್ವಿರುದ್ಧ, ಕಪ್ಪು ಕೊಡೆಯ ಹಾಗೆ ಬಿಸಿಲು ಕುಡಿಯುತ್ತದೆ. ನೆಲಕ್ಕೆ ಬರುವ ಬಿಸಿಲು ಕಡಿಮೆ, ಮೇಲಿನ ಗಾಳಿ ಬಿಸಿ. ಮತ್ತೆ ಅದೇ ಮುಚ್ಚಳ ನೋಡಿ! ಕೆಳಗಿನ ಗಾಳಿ ಮೇಲೇಳದಿದ್ದರೆ ಮೋಡ ಬೆಳೆಯುವುದು ಹೇಗೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಕೆ. ಸತೀಶ್ ಅವರು ಮಸಿ ಮಾಡುವ ಇಂಥ ಕೆಲಸವನ್ನು ಅಳೆಯುವುದರಲ್ಲೇ ವರ್ಷಗಟ್ಟಲೆ ಕಳೆದವರು, 2018ರ ಇನ್ಫೋಸಿಸ್ ಪ್ರಶಸ್ತಿ ಅವರಿಗೆ ಬಂದದ್ದು ಆ ಕೆಲಸಕ್ಕೇ. ಒಂದು ಸಮಾಧಾನ ಇದೆ. ಮಸಿ ಗಾಳಿಯಲ್ಲಿ ಇರುವುದು ಸುಮಾರು ಒಂದು ವಾರ, ಮಳೆ ಬಂದರೆ ಅಷ್ಟೂ ಇಲ್ಲ. ಇಂಗಾಲದ ಡೈಆಕ್ಸೈಡ್ ಥರ ನೂರಾರು ವರ್ಷ ಕೂರುವ ಗಿರಾಕಿ ಅಲ್ಲ.

ಪ್ರ: ನಿಮ್ಮಂಥವರು ಯಾವಾಗಲೂ ಬಡವರ ಒಲೆಯನ್ನೇ ಬೈಯುವುದು. ಲೈನ್ ಮನೆಯವರು ಸೌದೆ ಉರಿಸಿದರೆ ಮಾಲಿನ್ಯ, ಮಾಂದಲಪಟ್ಟಿ ಗುಡ್ಡಕ್ಕೆ ಸಾಲುಸಾಲಾಗಿ ಜೀಪ್ ಹತ್ತಿಸಿದರೆ ಪ್ರವಾಸೋದ್ಯಮ. ಈ ಲೆಕ್ಕ ಯಾರು ಹಾಕಿದ್ದು?
— ಸಹಿ ಇಲ್ಲ, ಮೊಹರು ವಿರಾಜಪೇಟೆಯದ್ದು

ಉ: ಕೋಪ ನ್ಯಾಯವಾದದ್ದು. ಈ ಜಗಳ ದೊಡ್ಡವರ ನಡುವೆಯೂ ಆಗಿದೆ. 1999ರ ಜನವರಿಯಿಂದ ಮಾರ್ಚ್ ತನಕ ಹಡಗು, ವಿಮಾನ, ಉಪಗ್ರಹ ಎಲ್ಲ ಸೇರಿಸಿ ಇಂಡೋಎಕ್ಸ್ ಅಂತ ಒಂದು ದೊಡ್ಡ ಪ್ರಯೋಗ ನಡೆಯಿತು. ಮುಂದೆ ನಿಂತವರಲ್ಲಿ ಒಬ್ಬರು ವೀರಭದ್ರನ್ ರಾಮನಾಥನ್, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಅದೇ ಭಾರತೀಯ ವಿಜ್ಞಾನ ಸಂಸ್ಥೆ) ಓದಿ ಅಮೆರಿಕಕ್ಕೆ ಹೋದವರು. ಚಳಿಗಾಲದಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಆಗ ಹಿಂದೂ ಮಹಾಸಾಗರದ ಮೇಲೆ ಸುಮಾರು 3 ಕಿಲೋಮೀಟರ್ ದಪ್ಪದ ಕಂದು ಹೊಗೆ ಹಾಸಿಕೊಂಡಿರುವುದು ಕಂಡಿತು. 2002ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗ 'ಏಷ್ಯಾದ ಕಂದು ಮೋಡ' ಅಂತ ವರದಿ ತಂದಾಗ ಭಾರತದಲ್ಲಿ ದೊಡ್ಡ ಗಲಾಟೆ. ನೂರೈವತ್ತು ವರ್ಷ ಕಲ್ಲಿದ್ದಲು ಸುಟ್ಟವರು ಈಗ ನಮ್ಮ ಅಜ್ಜಿಯ ಒಲೆಯ ಕಡೆ ಬೆರಳು ತೋರಿಸುವುದಾ ಅನ್ನುವುದೇ ಆ ಸಿಟ್ಟಿನ ಸಾರ. ಕೊನೆಗೆ 'ಏಷ್ಯಾ' ತೆಗೆದು 'ವಾತಾವರಣದ ಕಂದು ಮೋಡ' ಅಂತ ಮಾಡಿದರು.

ಹೆಸರು ಬದಲಾದರೂ ಮಸಿ ಅಲ್ಲೇ ಇತ್ತು. ಆ ಸಿಟ್ಟೂ ಸುಳ್ಳಲ್ಲ. ಲೈನ್ ಮನೆಯ ಹೊಗೆಯನ್ನು ಮೊದಲು ಕುಡಿಯುವವರು ಲೈನ್ ಮನೆಯವರೇ. ಅಲ್ಲಿಗೆ ಕೊಳವೆ ಇರುವ ಒಲೆ, ಗ್ಯಾಸ್ ಕೊಡಿಸುವುದು ತೋಟದ ಮಾಲೀಕರ ಕೆಲಸ ಅಂತ ನನ್ನ ಅಭಿಪ್ರಾಯ, ಬೈಯುವುದಾದರೆ ಅವರನ್ನು ಬೈಯಿರಿ, ನಾನೂ ಸೇರುತ್ತೇನೆ. ಜೀಪಿನ ವಿಷಯ: ಹಳೇ ಡೀಸೆಲ್ ಎಂಜಿನ್ ಏರು ದಾರಿಯಲ್ಲಿ ಸಣ್ಣ ಗೇರ್‌ನಲ್ಲಿ ಎಳೆಯುವಾಗ ಬಿಡುವ ಕಪ್ಪು ಹೊಗೆ ಅಪ್ಪಟ ಮಸಿ. ಇಳಿಯುವಾಗ ಬ್ರೇಕಿನ ಪುಡಿ. ದಾರಿ ಮಣ್ಣಿನದ್ದಾದರೆ ಧೂಳು ಬೇರೆ. ಬಿಲ್ಲೆ ಇಟ್ಟು ಅಳೆದರೆ ಜೀಪಿನ ಬೆರಳಚ್ಚೂ ಸಿಗುತ್ತದೆ, ಬಡವ ಶ್ರೀಮಂತ ಅಂತ ಬಿಲ್ಲೆಗೆ ಗೊತ್ತಾಗುವುದಿಲ್ಲ. ಬಿಲ್ಲೆಯನ್ನು ಎಲ್ಲಿ ಇಡಬೇಕು ಅಂತ ತೀರ್ಮಾನ ಮಾಡುವವರಿಗೆ ಗೊತ್ತಿರುತ್ತದೆ. ನಿಮ್ಮ ಪ್ರಶ್ನೆಯನ್ನು ಅವರಿಗೆ ಕೇಳಬೇಕು.

ಪ್ರ: ಅಂಕಲ್, ದೂರದ ಬೆಟ್ಟ ಯಾಕೆ ನೀಲಿ? ಹತ್ತಿರ ಹೋದರೆ ಹಸಿರೇ ಇದೆ. ನಾನು 8ನೇ ಕ್ಲಾಸ್.
— ಕಕ್ಕಬ್ಬೆ

ಉ: ಪುಟ್ಟಾ, ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತಾರೆ, ನೀಲಿ ಯಾಕೆ ಅಂತ ಕೇಳಿದ್ದು ನೀನು. ನಿನಗೂ ಬೆಟ್ಟಕ್ಕೂ ನಡುವೆ ತುಂಬ ಗಾಳಿ ಇದೆ ಅಲ್ವಾ? ಬಿಸಿಲು ಆ ಗಾಳಿಯಲ್ಲಿ ಹಾಯುವಾಗ ನೀಲಿ ಬೆಳಕು ಜಾಸ್ತಿ ಚದುರುತ್ತದೆ, ಕೆಂಪು ಕಡಿಮೆ. ಬೆಟ್ಟದ ಹಸಿರಿನ ಮೇಲೆ ಈ ಚದುರಿದ ನೀಲಿಯ ಪರದೆ ಬೀಳುತ್ತದೆ. ಬೆಟ್ಟ ದೂರ ಆದಷ್ಟೂ ಪರದೆ ದಪ್ಪ. ಕಾಡಿಗೂ ಇದರಲ್ಲಿ ಪಾಲಿದೆ. ಮರಗಳ ಎಲೆಯಿಂದ ಒಂದು ಥರದ ಸುವಾಸನೆಯ ಆವಿ ಬರುತ್ತದೆ, ಅದು ಬಿಸಿಲಲ್ಲಿ ಬದಲಾಗಿ ತೀರಾ ಸಣ್ಣ ಕಣವಾಗಿ, ಆ ಕಣವೂ ನೀಲಿ ಬೆಳಕನ್ನೇ ಜಾಸ್ತಿ ಚದುರಿಸುತ್ತದೆ. ಫ್ರಿಟ್ಸ್ ವೆಂಟ್ ಎಂಬ ಸಸ್ಯವಿಜ್ಞಾನಿ 1960ರಲ್ಲಿ ಇದನ್ನು ಬರೆದರು. ಹೊಗೆ, ಧೂಳು ಜಾಸ್ತಿಯಾದರೆ ಮಾತ್ರ ನೀಲಿ ಹೋಗಿ ಬೆಳ್ಳಗೆ, ಬೂದು ಬೂದಾಗಿ ಕಾಣುತ್ತದೆ. ದಪ್ಪ ಕಣಕ್ಕೆ ಎಲ್ಲ ಬಣ್ಣವೂ ಒಂದೇ.

ನಿನಗೊಂದು ಕೆಲಸ. ತಡಿಯಂಡಮೋಳ್ ನಿಮ್ಮೂರ ಪಕ್ಕದಲ್ಲೇ ಇದೆ, 1,748 ಮೀಟರ್, ಕೊಡಗಿನಲ್ಲೇ ಎತ್ತರ. ಅದನ್ನೂ ಅದರ ಆಚೀಚೆಯ ಸಾಲನ್ನೂ ದಿನಾ ಬೆಳಿಗ್ಗೆ ಒಂಬತ್ತು ಗಂಟೆಗೆ ಒಂದೇ ಜಾಗದಲ್ಲಿ ನಿಂತು ನೋಡು. ಎಷ್ಟು ಸಾಲು ಬೆಟ್ಟ ಕಾಣುತ್ತದೆ, ಯಾವ ಬಣ್ಣ ಅಂತ ನೋಟ್‌ಬುಕ್ಕಲ್ಲಿ ಬರಿ. ಮಂಜು ಇದ್ದರೆ 'ಮಂಜು' ಅಂತ ಬರಿ. ಹಿಂದಿನ ದಿನ ಮಳೆ ಬಂದಿದ್ದರೆ ಅದನ್ನೂ ಬರಿ. ಮಾರ್ಚ್ ತಿಂಗಳಿಂದ ಮೇ ತನಕ ಬರೆದು ನನಗೆ ಕಳಿಸು, ಅಷ್ಟೂ ಪುಟ ಇಲ್ಲೇ ಹಾಕುತ್ತೇನೆ.